ಬೆರಳಿಟ್ಟು ತೋರ್ಸವ್ವಾ

ಲಿಂಗಸುಗೂರಿನ ಸರ್ಕಾರಿ ದವಾಖಾನೆಯಲ್ಲಿ ಇಸ್ಮಾಯಿಲ್‌ಸಾಬ್ ಜವಾನನಾಗಿದ್ದ. ನಿಜಾಮರ ಕಾಲ. ಹೈದರಾಬಾದಿನಿಂದ ಬಂದಿದ್ದ ಡಾಕ್ಟರ್ ಸಾಹೇಬರಿಗೆ ಕನ್ನಡ ಬಾರದು, ಹಳ್ಳಿಯವರಿಗೆ ಉರ್ದು ಬಾರದು. ಮಸ್ಕಿಯಲ್ಲಿ ಹುಟ್ಟಿ ಎರಡನ್ನೂ ಆಡಿ ಬೆಳೆದ ಈತನೇ ನಡುವೆ ನಿಂತು ಎಲ್ಲರ ನೋವನ್ನೂ ಉರ್ದುವಿಗೆ ದಾಟಿಸಬೇಕು. ಒಳ್ಳೆಯ ಮನುಷ್ಯ, ಆದರೆ ಬಾಯಿಬಡುಕ. ರೋಗಿ ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ತಾನೇ ಹೇಳಿ ಮುಗಿಸುತ್ತಿದ್ದ.

ನಮ್ಮ ಕನ್ನಡವೇನು ಕಡಿಮೆಯೇ! ಸಂಕಟವನ್ನೆಲ್ಲ ತಂದು ಹೊಟ್ಟೆಯೊಳಗೇ ತುಂಬಿಟ್ಟಿದೆ. ಮತ್ಸರಕ್ಕೆ ಹೊಟ್ಟೆ ಉರಿಯಬೇಕು, ಮಮತೆಗೆ ಕರುಳು ಮಿಡಿಯಬೇಕು, ಸಿಟ್ಟು ಬಂದರೆ ಪಿತ್ತ ನೆತ್ತಿಗೇರಬೇಕು. ಹಾಗಾದರೆ ನಿಜವಾಗಿ ಕರುಳೇ ನೋಯುವವರು ಏನಂತ ಹೇಳಬೇಕು?

ಗುರುಗುಂಟಾದ ಗದ್ದೆಮ್ಮ ಅದನ್ನು ಹೇಳಲು ಬಂದಿದ್ದಳು. ಸಂತೆಯ ದಿನ ದವಾಖಾನೆಯ ಮುಂದೆ ಕೂತು ಬೆಣ್ಣೆ ಮಾರುವ ಹೆಂಗಸು. ಹಿಂದಿನ ತಿಂಗಳಷ್ಟೇ ಆಕೆಯ ಒಬ್ಬನೇ ಮಗ ಜ್ವರದಿಂದ ಸತ್ತದ್ದು ಇಸ್ಮಾಯಿಲ್‌ಸಾಬನಿಗೆ ಗೊತ್ತಿತ್ತು.

"ಹೊಟ್ಟಿ ಉರಿಯಾಕತ್ತೈತಪ್ಪಾ. ಕರುಳು ಕತ್ತರಿಸಿದಂಗ ಆಗತೈತಿ. ಕೂಳು ಒಳಗ ಇಳಿವಲ್ದು," ಅಂದಳು.

ಏನಂತೆ ಎಂದು ಸಾಹೇಬರು ಕೇಳಿದರು. ಇಸ್ಮಾಯಿಲ್‌ಸಾಬನ ಕಣ್ಣು ಆಗಲೇ ತುಂಬಿತ್ತು. "ಬೇಟಾ ಗುಜರ್ ಗಯಾ ಸಾಬ್," ಎಂದು ಮಗ ತೀರಿಕೊಂಡ ದುಃಖವನ್ನೆಲ್ಲ ಉರ್ದುವಿನಲ್ಲಿ ತೋಡಿಕೊಂಡ.

"ಅಲ್ಲಪ್ಪಾ, ಹೊಟ್ಟಿ... ಹೊಟ್ಟಿ," ಎಂದು ಗದ್ದೆಮ್ಮ ಸೆರಗಿನ ಮೇಲಿಂದ ಒತ್ತಿ ಹಿಡಿದಳು.

"ಗೊತ್ತೈತಿ ಯಕ್ಕಾ. ಹೆತ್ತ ಹೊಟ್ಟಿ, ಉರೀದ ಇರತೈತೇನು?" ಅಂದ ಇಸ್ಮಾಯಿಲ್‌ಸಾಬ್.

ಸಾಹೇಬರು ಪರಹೆಂಗಸಿನ ಹೊಟ್ಟೆ ಮುಟ್ಟಿ ನೋಡಲಿಲ್ಲ. ನಿದ್ದೆಯ ಔಷಧಿ ಕೊಟ್ಟು ಕಳಿಸಿದರು. ಎರಡು ದಿನ ಬಿಟ್ಟು ಅದೇ ಗದ್ದೆಮ್ಮನನ್ನು ಬಂಡಿಯಲ್ಲಿ ಮಲಗಿಸಿ ತಂದರು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಈ ಸಲ ಸಾಹೇಬರು ಒತ್ತಿ ನೋಡಿ ಕೈಚೆಲ್ಲಿದರು. ಕರುಳು ತೂತಾಗಿತ್ತು.

ಅವತ್ತೇ ಯಾಕೆ ಹೇಳಲಿಲ್ಲ ಈಕೆ ಎಂದು ಅವರು ರೇಗಿದರು. "ಆಕೆ ಹೇಳಿದ್ದಳು ಸಾಹೇಬರೇ, ನಾನು ಹೇಳಲಿಲ್ಲ," ಎಂದು ಇಸ್ಮಾಯಿಲ್‌ಸಾಬ್ ಉರ್ದುವಿನಲ್ಲೇ ಉತ್ತರಿಸಿದ. ಸಂಜೆಗೆ ಗದ್ದೆಮ್ಮ ತೀರಿಕೊಂಡಳು. ಅಯ್ಯೋ, ಇವನ ಕನಿಕರವೇ ಆಕೆಯ ಜೀವ ತೆಗೆಯಿತಲ್ಲ!

ಮುಂದೆ ಆತ ಸಾಹೇಬರ ಕೋಣೆಯ ಗೋಡೆಗೆ ತೂಗುಹಾಕಿದ್ದ, ಮೈಯೊಳಗಿನ ಅಂಗಗಳ ಚಿತ್ರದ ಮುಂದೆ ನಿಂತು ಜಠರ ಎಲ್ಲಿ, ಪಿತ್ತಕೋಶ ಎಲ್ಲಿ, ಸಣ್ಣ ಕರುಳು ಎಲ್ಲಿ ಎಂದು ಒಂದೊಂದನ್ನೂ ಕೇಳಿ ತಿಳಿದುಕೊಂಡ. ಹರಟೆ ನಿಂತುಹೋಯಿತು. ಯಾರು ಬಂದರೂ ಒಂದೇ ಮಾತು: "ಬಾಯಿಲೆ ಹೇಳಬ್ಯಾಡ. ಬೆರಳಿಟ್ಟು ತೋರ್ಸು."

ವರ್ಷಗಳು ಕಳೆದು ಮಗಳ ನಿಕಾಹ್ ಆಯಿತು. ಆಕೆಯನ್ನು ಕೂರಿಸಿಕೊಂಡು ಅತ್ತೆಮನೆಯ ಊರು ತುರ್ವಿಹಾಳಕ್ಕೆ ಬಂಡಿ ಹೊರಟಾಗ ಹೆಂಡತಿ ಮೆಹಬೂಬ್‌ಬೀ ಸೆರಗು ಬಾಯಿಗಿಟ್ಟು, "ಯಾ ಅಲ್ಲಾ, ಕರುಳು ಕತ್ತರಿಸಿದಂಗ ಆಗತೈತಿ," ಎಂದು ಅತ್ತಳು.

"ಎಲ್ಲಿ? ಬೆರಳಿಟ್ಟು ತೋರ್ಸು," ಅಂದ ಇಸ್ಮಾಯಿಲ್‌ಸಾಬ್.

ಆಕೆ ಹೋಗುತ್ತಿದ್ದ ಬಂಡಿಯ ಕಡೆ ಬೆರಳು ಮಾಡಿದಳು. ನೆಂಟರು ನಕ್ಕರು. ಆತ ನಗಲಿಲ್ಲ. ನಾಚಿಕೆ ಬಿಟ್ಟು ಎಲ್ಲರೆದುರು ಆಕೆಯ ಹೊಟ್ಟೆ ಒತ್ತಿದ. "ಇಲ್ಲಿ ನೋಯತೈತೇನು? ಇಲ್ಲಿ?"

"ಎಲ್ಲೂ ಇಲ್ರೀ. ಮಗಳು ಹೋದ್ಲಲ್ರೀ, ಅದಕ್ಕ."

ಅದನ್ನು ಕೇಳಿದ ಮೇಲೆಯೇ ಆತ ಕಟ್ಟೆಯ ಮೇಲೆ ಕೂತು ಮಗಳಿಗಾಗಿ ಅತ್ತ.