ಮೂರು ಬಾಯಿ, ಒಂದೇ ಮಾತು

ಮೊನ್ನೆ ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದ ನನ್ನ ಗಂಡನ ಕೈಯಿಂದ ಸ್ಟೀಲಿನ ತಾಟೊಂದು ಜಾರಿ ಕಲ್ಲಿನ ಮೇಲೆ ಬಿತ್ತು. ಅಂಚು ನಗ್ಗಿ, ತಳ ಸೊಟ್ಟಗಾಯಿತು. ಒರೆಸಿ ನೆಲದ ಮೇಲಿಟ್ಟರೆ ಒಂದು ಕಡೆ ಒತ್ತಿದಾಗ ಇನ್ನೊಂದು ಕಡೆ ಟಕ್ ಎಂದು ಏಳುತ್ತಿತ್ತು. "ಇನ್ಮ್ಯಾಲ ನಂಗ ಪಾತ್ರಿ ತೊಳಿ ಅನ್ನಬ್ಯಾಡ" ಎಂದರು ಅವರು, ಇದೇ ನೆಪಕ್ಕೆ ಕಾಯುತ್ತಿದ್ದವರ ಹಾಗೆ. ಆ ಟಕ್ ಟಕ್ ಸದ್ದಿಗೆ ದೇವದುರ್ಗದ ನಮ್ಮ ಓಣಿಯ ಮೂಲೆ ಅಂಗಡಿ, ಅದರ ಬೆಲ್ಲ, ಸೀಮೆಎಣ್ಣೆ, ಲೋಬಾನ ಎಲ್ಲ ಕಲಸಿದ ವಾಸನೆ, ಗಲ್ಲಾದ ಹಿಂದೆ ಕೂತ ಚಾಚಾ... ಎಲ್ಲವೂ ನೆನಪಾಗಿ ಅಲ್ಲೇ ಕೂತುಬಿಟ್ಟೆ.

ಅವರು ಇಡೀ ಓಣಿಗೆ ಚಾಚಾ. ಅವರಿಗಿಂತ ವಯಸ್ಸಾದವರೂ ಚಾಚಾ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ಗಲ್ಲಾದಲ್ಲಿ ಕನ್ನಡ, ಹೊಳೆಯಾಚೆಯಿಂದ ಬಂದ ವ್ಯಾಪಾರಿಗಳ ಜೊತೆ ತೆಲುಗು. ಬೆಲ್ಲ ಕಟ್ಟುವಾಗ ದಾರ ಹರಿಯಲು ಮಾತು ನಿಲ್ಲಿಸುತ್ತಿದ್ದರು. ದಾರ ಹರಿದ ಮೇಲೆ ಅದೇ ಪದದಿಂದ ಮುಂದುವರಿಸುತ್ತಿದ್ದರು. ಅವಸರದವರಿಗೆ ಇದರಿಂದ ತಲೆ ಕೆಡುತ್ತಿತ್ತು. ನನಗೂ ಕೆಡುತ್ತಿತ್ತು, ನಾನು ಹುಟ್ಟಾ ಅವಸರದವಳು.

ನಮ್ಮ ಕಡೆ ಹೆಣ್ಣು ಕೊಡುವ, ತರುವ ಮುಂಚೆ ಆ ಮನೆಯ ಬಗ್ಗೆ ಗುಟ್ಟಾಗಿ ಕೇಳಿಕೊಂಡು ಬರುವ ಪದ್ಧತಿ ಇದೆ. ಬಂದವರು ನೇರವಾಗಿ ಮನೆಗೆ ಹೋಗುವುದಿಲ್ಲ. ಮೊದಲು ಓಣಿಯ ಮೂಲೆ ಅಂಗಡಿಯಲ್ಲಿ ಒಂದು ಎಲೆ-ಅಡಿಕೆ ಕೊಂಡು, ಬಿಸಿಲಿನ ಬಗ್ಗೆ ನಾಲ್ಕು ಮಾತಾಡಿ, ಆಮೇಲೆ ಏನೂ ಅಲ್ಲವೆಂಬಂತೆ "ಆ ನೀಲಿ ಬಾಗಿಲದ ಮನಿಯವರು ಹೆಂಗ್ರೀ?" ಅನ್ನುವುದು. ಜಾಲಹಳ್ಳಿಯಿಂದ, ಅರಕೇರಾದಿಂದ, ಅತ್ತ ರಾಯಚೂರಿನಿಂದ ಬಂದವರೆಲ್ಲ ಕೇಳುತ್ತಿದ್ದದ್ದು ನಮ್ಮ ಚಾಚಾನನ್ನೇ.

ಇದು ಓಣಿಗೆಲ್ಲ ಗೊತ್ತಿದ್ದ ಗುಟ್ಟು. ಹಾಗಾಗಿ ಯಾವುದಾದರೂ ಮನೆಯಲ್ಲಿ ಹುಡುಗಿಯೋ ಹುಡುಗನೋ ಮದುವೆಗೆ ಬಂದರೆ ಆ ಮನೆಯವರಿಗೆ ಇದ್ದಕ್ಕಿದ್ದಂತೆ ಚಾಚಾನ ಮೇಲೆ ಪ್ರೀತಿ ಉಕ್ಕುತ್ತಿತ್ತು. ವರ್ಷಗಟ್ಟಲೆ ದೊಡ್ಡ ಪೇಟೆಯಲ್ಲಿ ಸಂತಿ ಮಾಡುತ್ತಿದ್ದವರು ಉಪ್ಪಿಗೂ ಈ ಅಂಗಡಿಗೇ ಬರುತ್ತಿದ್ದರು. ಹಬ್ಬಕ್ಕೆ ಹೋಳಿಗೆಯ ಡಬ್ಬಿ, ಎಳ್ಳಮಾವಾಸ್ಯೆಗೆ ಭಜ್ಜಿ-ಕಡಬು. ಜೀವಮಾನದಲ್ಲಿ ನಮಸ್ಕಾರ ಹೇಳದವನು "ಆರಾಮ್ ಅದೀರಿಲ್ಲ ಚಾಚಾ?" ಅನ್ನುತ್ತಿದ್ದ. ನಾನು ಡಿಗ್ರಿ ಎರಡನೇ ವರ್ಷಕ್ಕೆ ಬಂದಾಗ ನಮ್ಮವ್ವನೂ ಡಬ್ಬಿ ಕಳಿಸಲು ಶುರು ಮಾಡಿದಳು. "ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ, ನಾನೇನು ಸುಳ್ಳು ಹೇಳಾಕತ್ತೀನಾ? ಹೋಳಿಗಿ ಕೊಡಾಕತ್ತೀನಿ" ಎನ್ನುವುದು ಅವಳ ವಾದ.

ಚಾಚಾ ಎಲ್ಲರ ಹೋಳಿಗೆಯನ್ನೂ ತಿನ್ನುತ್ತಿದ್ದರು, ಚೆನ್ನಾಗಿದೆ ಎಂದೂ ಹೇಳುತ್ತಿದ್ದರು. ಆದರೆ ಹೋಳಿಗೆ ಹೊಟ್ಟೆಗಷ್ಟೇ ಹೋಗುತ್ತಿತ್ತು, ನಾಲಿಗೆಗೆ ಅಂಟುತ್ತಿರಲಿಲ್ಲ. ಕೇಳಲು ಬಂದವರಿಗೆ ಕಂಡದ್ದನ್ನು ಕಂಡಷ್ಟೇ ಹೇಳುತ್ತಿದ್ದರು. ಗೊತ್ತಿಲ್ಲದಿದ್ದರೆ "ನಂಗ ಗೊತ್ತಿಲ್ರೀ" ಎಂದು ಕೈ ಝಾಡಿಸುತ್ತಿದ್ದರು. ಒಮ್ಮೊಮ್ಮೆ ತಾವೇ ತಿರುಗಿ ಕೇಳುತ್ತಿದ್ದರು: "ನಿಮಗ ಹುಡುಗ ಹೆಂಗದಾನ ಅಂತ ಬೇಕೋ, ಹೊಲ ಎಷ್ಟದ ಅಂತ ಬೇಕೋ? ಮೊದಲು ಅದನ್ನ ಹೇಳ್ರಿ." ಬಂದವರು ಗಲಿಬಿಲಿಯಾಗುತ್ತಿದ್ದರು. ತಾವು ಏನು ಹುಡುಕುತ್ತಿದ್ದೇವೆ ಎನ್ನುವುದು ಎಷ್ಟೋ ಮಂದಿಗೆ ಆಗಲೇ ಹೊಳೆಯುತ್ತಿತ್ತು.

ಈಗ ನಾನು ರಾಯಚೂರಿನಲ್ಲಿ ಮಾಡುವ ಕೆಲಸ ನೆನೆದರೆ ನಗು ಬರುತ್ತದೆ. ಸ್ಟೇಷನ್ ರಸ್ತೆಯ ಒಂದು ಮಾಳಿಗೆಯ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಜನ ಫೋನಿನಲ್ಲಿ ಹುಡುಕಿದಾಗ ಅಂಗಡಿ, ದವಾಖಾನೆ, ಅಕ್ಕಿ ಗಿರಣಿಗಳ ಹೆಸರು ಮೇಲೆ ಬರುವಂತೆ ಮಾಡುವುದೇ ನನ್ನ ಹೊಟ್ಟೆಪಾಡು. ಸರಿಯಾದ ವಿಳಾಸ, ಸರಿಯಾದ ಫೋಟೋ, ಅಲ್ಲಿ ನಿಜವಾಗಿ ಸಿಗುವ ಸಾಮಾನಿನ ಹೆಸರು, ಇವನ್ನು ಬರೆದುಕೊಡುತ್ತೇನೆ. ಬಂದ ಗಿರಾಕಿಗಳಿಗೆ ಅಷ್ಟರಲ್ಲಿ ತೃಪ್ತಿಯಿಲ್ಲ. "ಮೇಡಂ, ನಾವು ಮೊದಲನೇ ನಂಬರಿಗೆ ಬರಬೇಕ್ ನೋಡ್ರಿ. ಐವತ್ತು ಮಂದಿ ಹೊಗಳಿದಂಗ ನೀವಾ ಬರದುಬಿಡ್ರಿ" ಅನ್ನುತ್ತಾರೆ. ಎಲ್ಲರೂ ಹೋಳಿಗೆ ಡಬ್ಬಿ ಹಿಡಿದೇ ನಿಂತವರು.

ಹೋದ ವರ್ಷ ಅವ್ವನ ಕಣ್ಣಿಗೆ ಪೊರೆ ಬಂದಾಗ ನಾನೇ ಫೋನಿನಲ್ಲಿ ಆಸ್ಪತ್ರೆ ಹುಡುಕಲು ಕೂತೆ. ಮೊದಲ ನಾಲ್ಕು ಜಾಹೀರಾತು. ಅದರ ಕೆಳಗೆ "ಅರಕೇರಾದ ಹತ್ತು ಅತ್ಯುತ್ತಮ ಕಣ್ಣಿನ ಆಸ್ಪತ್ರೆಗಳು" ಎಂಬ ಪುಟ! ಅರಕೇರಾದಲ್ಲಿ ಕಣ್ಣಿಗೆ ಹತ್ತು ಆಸ್ಪತ್ರೆ! ಯಾರೋ ಒಬ್ಬ ಒಂದೇ ಪುಟ ಬರೆದು, ಊರಿನ ಹೆಸರು ಮಾತ್ರ ಬದಲಿಸಿ ಸಾವಿರ ಊರಿಗೆ ಅಂಟಿಸಿದ್ದ. ಹೀಗೆ ಮಾಡುವುದು ನನಗೆ ಗೊತ್ತಿರುವ ಆಟವೇ, ಆದರೂ ಅವ್ವನ ಕಣ್ಣಿನ ಪ್ರಶ್ನೆ ಬಂದಾಗ ಸಿಟ್ಟು ನೆತ್ತಿಗೇರಿತು. ಕೊನೆಗೆ ಪಕ್ಕದ ಮನೆಯಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದ ಅಜ್ಜಿಯನ್ನು ಕೇಳಿ, ಅವರು ಹೇಳಿದಲ್ಲಿಗೇ ಕರೆದುಕೊಂಡು ಹೋದೆ. ಈಗ ಅವ್ವ ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ.

ತಾಟಿನ ಮಾತು ಎಲ್ಲೋ ಹೋಯಿತು...

ಡಿಗ್ರಿ ಮುಗಿಯುತ್ತಿದ್ದಂತೆ ನನಗೆ ಮಾನ್ವಿಯಿಂದ ಒಂದು ಸಂಬಂಧ ಬಂತು. ಗೊಬ್ಬರದ ಅಂಗಡಿ, ಎರಡು ಅಂತಸ್ತಿನ ಮನೆ, ಒಬ್ಬನೇ ಮಗ. ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದವನು. ಊರೆಲ್ಲ ಅವನಿಗೆ ಮಾಸ್ತರ್ ಎನ್ನುತ್ತಿತ್ತು. ಅಷ್ಟು ದೊಡ್ಡ ಮನೆಯವರು ತಾವಾಗಿಯೇ ಕೇಳಿದ್ದಾರೆಂದು ಅವನ ಕಾಲು ನೆಲದ ಮೇಲಿರಲಿಲ್ಲ. ಮನೆ ನೋಡಲು ಹೋದಾಗ ಹೂವಿನ ಚಿತ್ರವಿದ್ದ ಹೊಸ ಗಾಜಿನ ತಟ್ಟೆಯಲ್ಲಿ ಉಪ್ಪಿಟ್ಟು ಕೊಟ್ಟರಂತೆ. ಪದ್ಧತಿಯಂತೆ ಅಪ್ಪ ಆ ಓಣಿಯಲ್ಲಿಯೂ ವಿಚಾರಿಸಿದ. ಎದುರಿನ ಚಹಾದಂಗಡಿಯವನು, ಮೂಲೆಯ ಕ್ಷೌರದವನು, ಪಕ್ಕದ ಮನೆಯ ಯಜಮಾನರು, ಮೂವರೂ ಹೊಗಳಿದ್ದೇ ಹೊಗಳಿದ್ದು. ಮುಂದಿನ ಸೋಮವಾರ ಮಾತು ಪಕ್ಕಾ ಮಾಡುವುದೆಂದಾಯಿತು. ನಾನೂ ಖುಷಿಯಾಗಿದ್ದೆ, ಸುಳ್ಳೇಕೆ ಹೇಳಲಿ. ಫೋಟೋದಲ್ಲಿ ಹುಡುಗ ಚೆನ್ನಾಗಿದ್ದ.

ಮಾನ್ವಿಯಿಂದ ತಿರುಗಿ ಬಂದ ದಿನವೇ ಅಪ್ಪ ಚಾಚಾನ ಅಂಗಡಿ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದ. ನಾನು ಸಕ್ಕರೆ ತರಲು ಹೋದವಳು ಅಲ್ಲೇ ನಿಂತಿದ್ದೆ.

"ಚಹಾದವ ಏನಂದ್ರಿ?" ಚಾಚಾ ಕೇಳಿದರು.

"ಹುಡುಗ ಅಂದ್ರ ಬಂಗಾರದ ತುಂಡು, ಅವನ ದನಿ ಬಾಗಿಲ ದಾಟಂಗಿಲ್ಲ ಅಂದ."

"ಕ್ಷೌರದವ?"

ಅಪ್ಪ ಸ್ವಲ್ಪ ಯೋಚಿಸಿದ. "ಅವನೂ ಅದನ್ನ ಅಂದ. ಬಂಗಾರದ ತುಂಡು, ದನಿ ಬಾಗಿಲ ದಾಟಂಗಿಲ್ಲ."

"ಬಾಜೂ ಮನಿಯವರು?"

ಅಪ್ಪ "ಬಂಗಾರದ..." ಎಂದು ಶುರು ಮಾಡಿ ಅಲ್ಲಿಗೇ ತಡೆದ. ಚಾಚಾ ನನ್ನ ಸಕ್ಕರೆ ಪೊಟ್ಟಣದ ದಾರ ಹರಿದು ಆಮೇಲೆ ಅಂದರು: "ಮೂರು ಬಾಯಿಂದ ಒಂದಾ ಮಾತು ಬಂತಂದ್ರ ಅದು ಮೂರು ಮಂದಿ ಮಾತಲ್ಲ ಮಾಸ್ತರ್ರ, ಒಬ್ಬಂದು. ಮತ್ತ ದನಿ ಬಗ್ಗೆ ನೀವು ಕೇಳಿದ್ದಿಲ್ಲ. ಕೇಳಲಾರದ ಪ್ರಶ್ನಿಗೆ ಯಾಕ ಉತ್ತರ ಕೊಟ್ರು?"

ಅಪ್ಪನಿಗೆ ಸಿಟ್ಟು ಬಂತು. "ಎಲ್ಲಾರ ಮದುವಿಗೂ ಕಲ್ಲು ಹಾಕಬ್ಯಾಡ್ರಿ ಚಾಚಾ" ಎಂದು ಎದ್ದು ನಡೆದ. ನನಗೂ ಬಂತು. ಹಿಂದೆ ಇದೇ ಓಣಿಯ ಗೌಡರ ಮನೆಯ ಒಂದು ಸಂಬಂಧ ಚಾಚಾನ "ನಂಗ ಗೊತ್ತಿಲ್ರೀ" ಎಂಬ ಮಾತಿಗೇ ಮುರಿದು, ಆ ಮನೆಯವರು ಅಂಗಡಿಯ ನೆರಳಿಗೂ ಬರುತ್ತಿರಲಿಲ್ಲ. ಇಷ್ಟಾದರೂ ಈ ಮುದುಕನಿಗೆ ಬುದ್ಧಿ ಬರಲಿಲ್ಲವಲ್ಲ ಎಂದುಕೊಂಡೆ.

ಮರುದಿನ ಅಂಗಡಿ ಮುಚ್ಚಿತ್ತು. ಚಾಚಾ ಮಾನ್ವಿ ಬಸ್ಸು ಹತ್ತಿದ್ದರು. ಅಲ್ಲಿ ಅವರ ತಂಗಿ ತನ್ನ ಮನೆಯಲ್ಲೇ ಬಳೆ ಮಾರುತ್ತಿದ್ದಳು. ಸಂಜೆ ತಿರುಗಿ ಬಂದವರು ತಮ್ಮ ಮನೆಗೂ ಹೋಗದೆ ನಮ್ಮ ಪಡಸಾಲೆಗೆ ಬಂದು ಕೂತರು. ಅವ್ವ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದರು. ನಾನು ಒಳಬಾಗಿಲ ಮರೆಯಲ್ಲಿದ್ದೆ.

"ಆ ಮನ್ಯಾಗ ಮುಸುರಿ ತಿಕ್ಕಾಕಿ ನಮ್ಮ ತಂಗಿ ಹತ್ರ ಬಳಿ ಇಟ್ಕೊಳ್ಳಾಕ ಬರ್ತಾಳ" ಎಂದರು. "ಆಕಿನ್ನ ಕೇಳಿದ್ವಿ. ಹುಡುಗನ ಬಗ್ಗೆ ಆಕಿ ಏನೂ ಅನ್ನಲಿಲ್ಲ. ಒಂದಾ ಮಾತು ಅಂದ್ಲು. ಆ ಮನ್ಯಾಗ ಒಂದು ತಾಟೂ ನೆಲಕ್ಕ ನೆಟ್ಟಗ ಕುಂದ್ರಂಗಿಲ್ಲಂತ."

ಅಪ್ಪನಿಗೆ ತಿಳಿಯಲಿಲ್ಲ. "ಅಂದ್ರ?"

"ಎಸದು ಎಸದು ನಗ್ಗ್ಯಾವ. ಸಾರಿಗೆ ಉಪ್ಪು ಕಮ್ಮಿ ಆದ್ರ ತಾಟು ಗ್ವಾಡಿಗೆ. ಹೆತ್ತವ್ವ ಎದುರು ಬಂದ್ರ..." ಚಾಚಾ ಖಾಲಿ ಲೋಟ ಕೆಳಗಿಟ್ಟರು.

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಪ್ಪ ಇನ್ನೂ ಸೋಲಲು ತಯಾರಿರಲಿಲ್ಲ. "ಊರಾಗಿನ ದೊಡ್ಡ ಮಂದಿ ಮಾತು ಬಿಟ್ಟು ಮುಸುರಿ ತಿಕ್ಕಾಕಿ ಮಾತು ನಂಬಬೇಕೇನ್ರಿ?"

"ನಕ್ಕೋ ಮಾಸ್ತರ್ರ, ನನ್ನ ಮಾತೂ ನಂಬಬ್ಯಾಡ್ರಿ" ಎಂದರು ಚಾಚಾ. "ಆಕಿಗೆ ಯಾರೂ ಚಹಾ ಕುಡಿಸಿಲ್ಲ, ಅದಕ್ಕ ನಾ ಆಕಿ ಮಾತು ಕೇಳಿದೆ. ನೀವು ಹೋಗಿ ಕಣ್ಣಿಂದ ನೋಡ್ಕೊಂಡು ಬರ್ರಿ. ಹೇಳಿ ಹೋಗಬ್ಯಾಡ್ರಿ. ಹೇಳಿ ಹೋದ್ರ ಮತ್ತ ಗಾಜಿನ ತಟ್ಟಿ ಬರ್ತಾವ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಅಪ್ಪ ಮರುದಿನ ಹೋದ, ಹೇಳದೆ, ಹುಡುಗನ ಅಂಗಿಯ ಅಳತೆ ಬೇಕಾಗಿತ್ತು ಎಂಬ ನೆಪ ಮಾಡಿಕೊಂಡು. ಅಳತೆ ತೆಗೆದುಕೊಂಡ ಮೇಲೆ ಕೈ ತೊಳೆಯುತ್ತೇನೆಂದು ಹಿತ್ತಲಿಗೆ ನಡೆದ. ತೊಳೆದ ತಾಟುಗಳನ್ನು ಕಟ್ಟೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದ್ದರಂತೆ. ಒಂದೊಂದನ್ನೇ ಬೆರಳಿನಿಂದ ಒತ್ತಿ ನೋಡಿದನಂತೆ. ಅಲ್ಲಿ ಏನು ಕೇಳಿಸಿತು ಎಂದು ಅವನು ನಮಗೆ ಎಂದೂ ವಿವರಿಸಲಿಲ್ಲ. ಆ ಸಂಜೆ ಬಂದು, ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು, ನನ್ನ ತಲೆಯ ಮೇಲೆ ಕೈಯಿಟ್ಟು "ತಾಟು ನೋಡಿ ಬಂದೆ ಯವ್ವಾ" ಎಂದ. ಅಷ್ಟೇ. ಆ ಸಂಬಂಧ ಅಲ್ಲಿಗೆ ಮುಗಿಯಿತು. ನಾನು ಆ ದಿನ ಅತ್ತೆ, ದುಃಖಕ್ಕಲ್ಲ. ಎದೆಯ ಮೇಲಿನ ಚಪ್ಪಡಿಕಲ್ಲು ಯಾರೋ ಎತ್ತಿಟ್ಟ ಹಾಗಾಗಿತ್ತು. ಮೇಲೆ ಬಸಪ್ಪ ಒಳಗೆ ವಿಷಪ್ಪ ಎಂಬ ಗಾದೆಯನ್ನು ಅವ್ವ ಒಂದು ತಿಂಗಳು ಬಾಯಿಂದ ಇಳಿಸಲಿಲ್ಲ.

ಅದಾದ ಮೇಲಿನ ಮಳೆಗಾಲದಲ್ಲಿ ರಾಯಚೂರಿನವರು ನನ್ನ ಬಗ್ಗೆ ಕೇಳಲು ಚಾಚಾನ ಅಂಗಡಿಗೆ ಬಂದರು. ಅವ್ವ ನಿಶ್ಚಿಂತೆಯಿಂದ ಇದ್ದಳು. ಅಷ್ಟು ಹೋಳಿಗೆ ತಿಂದವರು, ಮೇಲಾಗಿ ಮಗಳ ಜೀವ ಉಳಿಸಿದವರು, ನಾಲ್ಕು ಒಳ್ಳೆಯ ಮಾತು ಹೇಳಲಾರರೇ? ಚಾಚಾ ಹೇಳಿದ್ದಿಷ್ಟು: "ಹುಡುಗಿ ಸಿಟ್ಟಿನಾಕಿ. ರೊಟ್ಟಿ ದಪ್ಪ ಬಡೀತಾಳ, ಅಂಚು ಒಡೀತಾವ. ಸುಳ್ಳು ಹೇಳಿದ್ದು ನಾ ನೋಡಿಲ್ಲ. ಹಾಡು ಬರ್ತದೋ ಇಲ್ಲೋ ನಂಗ ಗೊತ್ತಿಲ್ರೀ." ಸುದ್ದಿ ತಿಳಿದು ಅವ್ವ ಕೆಂಡವಾದಳು. ವಾರಗಟ್ಟಲೆ ಆ ಅಂಗಡಿಯ ಕಡೆ ಮುಖ ಮಾಡಲಿಲ್ಲ. ಆದರೆ ಬಂದವರು ಮಾತ್ರ ಅಲ್ಲಿಂದ ನೇರ ನಮ್ಮ ಮನೆಗೇ ಬಂದರು. ರೊಟ್ಟಿ ದಪ್ಪ ಎಂದು ಹೇಳುವವನು ಉಳಿದದ್ದನ್ನೂ ನಿಜವೇ ಹೇಳಿರುತ್ತಾನೆ ಎಂದು ಮಾವನವರಿಗೆ ಅನಿಸಿತಂತೆ. ಈಗಲೂ ರೊಟ್ಟಿಯ ಅಂಚು ಒಡೆದಾಗ ನನ್ನ ಗಂಡ "ಚಾಚಾ ಮೊದಲಾ ಹೇಳಿದ್ರಪ್ಪಾ" ಎನ್ನುತ್ತಾರೆ. ಸಿಟ್ಟು ಬರುತ್ತದೆ. ಅದನ್ನೂ ಚಾಚಾ ಮೊದಲೇ ಹೇಳಿದ್ದರಲ್ಲ, ಏನು ಮಾಡುವುದು.

ಹೊಗಳಿಕೆ ಬರೆದುಕೊಡಿ ಎಂದು ಬರುವವರಿಗೆ ನಾನು ಆಗುವುದಿಲ್ಲ ಅನ್ನುತ್ತೇನೆ. ಕೆಲವರು ಎದ್ದು ಹೋಗುತ್ತಾರೆ, ಕೆಲವರು ಕೂರುತ್ತಾರೆ. ಕೂತವರಿಂದ ಮನೆ ನಡೆಯುತ್ತದೆ, ನಿದ್ದೆಯೂ ಬರುತ್ತದೆ. ಮಾನ್ವಿಯ ಯಾವಳೋ ಹುಡುಗಿ ನನ್ನ ಪುಟ ನೋಡಿ ಯಾವುದೋ ಬಾಗಿಲಿಗೆ ಹೋಗಿ ನಿಂತಳೆಂದುಕೊಳ್ಳಿ. ಆ ಬಾಗಿಲ ಒಳಗೆ ಏನಿದೆಯೋ ಅದೇ ಹೊರಗೂ ಬರೆದಿರಬೇಕು.

ಚಾಚಾ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೇಲೆ. ಆಗ ನಾನು ಹೆರಿಗೆಯಾಗಿ ಹಸಿಬಾಣಂತಿ; ಹೇಳಿದರೆ ಎದ್ದು ಹೊರಡುತ್ತಾಳೆಂದು ಅವ್ವ ಮುಚ್ಚಿಟ್ಟಿದ್ದಳು. ಅವರ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಮೊನ್ನೆ ತಾಟು ಬಿದ್ದ ಮೇಲೆ ಸುಮ್ಮನೆ ಫೋನ್ ತೆಗೆದು ಅವರ ಹೆಸರು, ಓಣಿ, ಊರು ಹಾಕಿ ಹುಡುಕಿದೆ. ಏನೂ ಬರಲಿಲ್ಲ. ಒಂದು ಫೋಟೋ ಇಲ್ಲ, ಒಂದು ಸಾಲಿಲ್ಲ. ಅಂಗಡಿಗಳನ್ನು ಮೇಲೆ ತರುವ ಕೆಲಸದವಳು ನಾನು, ನನ್ನನ್ನು ಉಳಿಸಿದವರು ಯಾವ ಪುಟದಲ್ಲಿಯೂ ಇಲ್ಲ... ಥ್ಯಾಂಕ್ಸ್ ಅಂತ ಒಂದು ಮಾತನ್ನೂ ನಾನು ಅವರಿಗೆ ಹೇಳಿರಲಿಲ್ಲ. ಆಗ ಹಾಗೆಲ್ಲ ಹೇಳುವ ರೂಢಿ ನಮ್ಮಲ್ಲಿರಲಿಲ್ಲ.

ಅಷ್ಟರಲ್ಲಿ ನನ್ನ ಗಂಡ ಒರಳುಕಲ್ಲಿನ ಮೇಲೆ ತಾಟನ್ನಿಟ್ಟು ರುಬ್ಬುಗುಂಡಿನಿಂದ ಬಡಿದು ತಂದರು. "ನೋಡು, ನೆಟ್ಟಗಾತೇನು?" ಎಂದು ನೆಲದ ಮೇಲಿಟ್ಟು ಒತ್ತಿದರು. ಇನ್ನೂ ಸ್ವಲ್ಪ ಅಲುಗಿತು. ಇರಲಿ ಬಿಡಿ ಎಂದು ಅದನ್ನು ಉಳಿದ ತಾಟುಗಳ ಜೊತೆಯಲ್ಲೇ ಇಟ್ಟೆ. ಇಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ನಗ್ಗಿದ ತಾಟು ಇದೊಂದೇ. ಕೈಜಾರಿ ಬಿದ್ದದ್ದು, ಚಾಚಾ, ಯಾರೂ ಎಸೆದದ್ದಲ್ಲ.