ಅವ್ವ ತೂಗಿದ ಹಿತ್ತಾಳೆ

ನಮ್ಮ ಮನೆಯ ಗೋಡೆಯ ಮೇಲೆ ರೈಫಲ್ ಹಿಡಿದು ನಿಂತ ಅಪ್ಪಾಜಿಯ ಫೋಟೋ ನೋಡಿದವರೆಲ್ಲ, "ಓಹೋ, ನಿಮ್ಮ ತಂದೆಯವರು ಶೂಟರ್ರಾ?" ಎಂದು ಕೇಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಅದೇ ಫೋಟೋದ ಬಲತುದಿಯಲ್ಲಿ ಇಳಕಲ್ ಸೀರೆಯ ಸೆರಗೊಂದು ಅರ್ಧ ಕಾಣಿಸುತ್ತದಲ್ಲ, ಅದರ ಬಗ್ಗೆ ಯಾರಾದರೂ ಕೇಳಬೇಕಲ್ಲ! ಯಾರೂ ಕೇಳುವುದಿಲ್ಲ. ಅದಕ್ಕೇ ನಾನೇ ಹೇಳುತ್ತೇನೆ.

ಆ ಸೆರಗು ನಮ್ಮವ್ವ ಉಮಾಮಹೇಶ್ವರಿಯದು. ದಾವಣಗೆರೆ ಕಡೆಯವರಾದ ನಾವು ಜಯನಗರ ನಾಲ್ಕನೇ ಬ್ಲಾಕಿಗೆ ಬಂದದ್ದು ಐವತ್ತೆಂಟರಲ್ಲಿ. ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು, ಹಿತ್ತಲಿಗೆ ಹೋದರೆ ರಾಗಿ ಹೊಲ. ಅಪ್ಪಾಜಿ ಗುರುಬಸಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅವರ ಹುಚ್ಚು ಒಂದೇ, ರೈಫಲ್ ಕ್ಲಬ್ಬು. ಭಾನುವಾರ ಬೆಳಗಾದರೆ ಬನಶಂಕರಿ ಗುಡಿ ದಾಟಿ, ಕಲ್ಲು ಕ್ವಾರಿಯ ಪಕ್ಕದ ಮೈದಾನಕ್ಕೆ ಸೈಕಲ್ ಹೊರಡುತ್ತಿತ್ತು.

ಅರವತ್ತೆರಡರ ಯುದ್ಧದ ನಂತರ ಕ್ಲಬ್ಬಿಗೆ ಹೊಸ ತೋಟಾ ಸಿಗುವುದೇ ಕಷ್ಟವಾಯಿತು. ಒಮ್ಮೆ ಹೊಡೆದ ತೋಟಾದ ಹಿತ್ತಾಳೆ ಕೊಳವೆಯನ್ನೇ ಮತ್ತೆ ಸರಿಮಾಡಿ, ಬುಡಕ್ಕೆ ಕಿಡಿ ಕೊಡುವ ಹೊಸ ಕೇಪು ಕೂರಿಸಿ, ಮದ್ದು ತುಂಬಿ ಹೊಡೆಯಬೇಕು. ಮದ್ದು ತುಂಬುವುದೆಲ್ಲ ಕ್ಲಬ್ಬಿನ ಕೋಣೆಯಲ್ಲೇ, ಸೆಕ್ರೆಟರಿ ಸೇತುರಾಮ ಅವರ ಕಣ್ಣೆದುರು. ನಮ್ಮ ಮನೆಗೆ ಬರುತ್ತಿದ್ದದ್ದು ಖಾಲಿ ಹಿತ್ತಾಳೆ ಮಾತ್ರ. ಮೂರು ಸಲ ಹೊಡೆಯುವಷ್ಟರಲ್ಲಿ ಅದರ ಕತ್ತು ಸೀಳುತ್ತಿತ್ತು. ಗುಂಡು ಒಂದು ಮೇಲೆ, ಒಂದು ಕೆಳಗೆ. ಅಪ್ಪಾಜಿ ಮುಖ ಸಿಂಡರಿಸಿಕೊಂಡು ಮನೆಗೆ ಬರುತ್ತಿದ್ದರು.

ಒಂದು ದಿನ ಅವ್ವ ಸೀಳಿದ ಕೊಳವೆಯೊಂದನ್ನು ಎತ್ತಿ ಬೆರಳಲ್ಲಿ ಹೊರಳಿಸಿ ನೋಡಿದಳು. "ರೀ, ಇದು ಏಟು ತಿಂದೂ ತಿಂದೂ ಸೆಟೆದುಕೊಂಡಿದೆ. ಕತ್ತನ್ನ ಕಾಯಿಸಿ ಮೆತ್ತಗೆ ಮಾಡ್ಬೇಕು."

"ನಿನಗೇನು ಗೊತ್ತೇ?" ಎಂದರು ಅಪ್ಪಾಜಿ.

ಗೊತ್ತಿಲ್ಲದೆ ಏನು! ಅವಳ ತವರಿನಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಮಾಡಿ ಮಾರುವ ಅಂಗಡಿಯಿತ್ತು. ಬಡಿದು ಗಟ್ಟಿಯಾದ ಬೆಳ್ಳಿಯನ್ನು ಕಾಯಿಸಿ ಮೆದುವಾಗಿಸುವುದನ್ನು ನೋಡುತ್ತಲೇ ಬೆಳೆದವಳು ಅವಳು. ತವರಿನಿಂದ ಬರುವಾಗ ಅಲ್ಲಿಯ ಸಣ್ಣ ತಕ್ಕಡಿಯನ್ನೂ ತೂಕಕ್ಕಿಡುವ ಒಂದು ಡಬ್ಬಿ ಗುಲಗಂಜಿಯನ್ನೂ ಹಟ ಮಾಡಿ ತಂದಿದ್ದಳು.

ಅಂದಿನಿಂದ ಆ ಕೆಲಸ ಅವಳದಾಯಿತು. ಅಗಲವಾದ ತಟ್ಟೆಯಲ್ಲಿ ನೀರು ಹಾಕಿ, ಕೊಳವೆಗಳನ್ನು ಸಾಲಾಗಿ ನಿಲ್ಲಿಸುವಳು. ಬುಡ ನೀರಿನಲ್ಲಿ, ಕತ್ತು ಮಾತ್ರ ಹೊರಗೆ. ಊದುಕೊಳವೆಯಿಂದ ಬೆಂಕಿ ತಾಗಿಸಿ, ಬಣ್ಣ ತಿರುಗಿದ ಕೂಡಲೇ ತಳ್ಳಿ ನೀರಿಗೆ ಉರುಳಿಸುವಳು. "ಬುಡ ಗಟ್ಟಿ ಇರ್ಬೇಕು, ಕತ್ತು ಮೆತ್ತಗಿರ್ಬೇಕು" ಎನ್ನುವಳು. ಆಮೇಲೆ ಹುಣಸೆಹಣ್ಣಿನಲ್ಲಿ ತೊಳೆದು, ಬಾಯಿಯನ್ನು ಅರದಿಂದ ಉಜ್ಜಿ ಎಲ್ಲವನ್ನೂ ಒಂದೇ ಉದ್ದ ಮಾಡಿ, ತೂಗುವಳು. ಅರ್ಧ ಗುಲಗಂಜಿ ಹೆಚ್ಚು ಕಡಿಮೆಯಾದರೂ ಬೇರೆ ಗುಂಪು. ಯಾಕೆಂದು ನಾನು ಕೇಳಿದ್ದಕ್ಕೆ, "ಹೊರಗಿನ ಅಳತೆ ಒಂದೇ. ತೂಕ ಜಾಸ್ತಿ ಅಂದ್ರೆ ಗೋಡೆ ದಪ್ಪ, ಒಳಗೆ ಜಾಗ ಕಮ್ಮಿ. ಅಷ್ಟೇ ಮದ್ದು ಅಲ್ಲಿ ಜೋರಾಗಿ ಒದೆಯುತ್ತೆ" ಎಂದಳು. ಓದಿದ್ದು ಬರೀ ನಾಲ್ಕನೇ ಕ್ಲಾಸು. ನನಗೆ ಈಗಲೂ ಹೆಮ್ಮೆಯಿಂದ ಎದೆ ಉಬ್ಬುತ್ತದೆ.

ಅಪ್ಪಾಜಿಯ ಗುಂಡುಗಳು ಒಂದರ ಪಕ್ಕ ಒಂದು ಬೀಳತೊಡಗಿದವು.

ತಪ್ಪೂ ಒಂದಾಯಿತು, ಮುಚ್ಚಿಡುವುದಿಲ್ಲ. ಅರವತ್ತಮೂರರ ಆಯುಧಪೂಜೆಗೆ ಅವ್ವ ಮನೆಯ ಕುಡುಗೋಲು, ಅಪ್ಪಾಜಿಯ ಸೈಕಲ್ಲಿನ ಜೊತೆಗೆ ಅಷ್ಟೂ ಕೊಳವೆಗಳಿಗೆ ಭಕ್ತಿಯಿಂದ ವಿಭೂತಿ ಹಚ್ಚಿದಳು. ಅದೂ ನೀರಲ್ಲಿ ಕಲಸಿ, ಕೇಪು ಕೂರುವ ಬುಡಕ್ಕೇ! ಅದು ಬೆಂಕಿ ದಾಟುವ ಸೂಜಿಯಷ್ಟು ತೂತಿನೊಳಗೆ ಹೋಗಿ ಕಲ್ಲಾಯಿತು. ಅಪ್ಪಾಜಿಯೂ ನೋಡದೆ ಕೇಪು ಕೂರಿಸಿದರು. ಭಾನುವಾರ ಎಲ್ಲರೆದುರು ರೈಫಲ್ಲಿನ ಕುದುರೆ ಎಳೆದರೆ 'ಟಕ್' ಎಂದು ಸುಮ್ಮನಾಯಿತು. ಮನೆಗೆ ಬಂದು ಕೂಗಾಡಿದರು. "ತಪ್ಪು ನಂದೇ" ಎಂದಳು ಅವ್ವ. ಅವತ್ತಿನಿಂದ ಪ್ರತಿ ತೂತಿಗೂ ಸೂಜಿ ಹಾಕಿ, ಬೆಳಕಿಗೆ ಹಿಡಿದು ನೋಡಿಯೇ ಕೊಡುತ್ತಿದ್ದಳು.

ಡಿಸೆಂಬರಿನಲ್ಲಿ ಸೇತುರಾಮ ಅವರೇ ನಮ್ಮ ಮನೆಗೆ ಬಂದರು. ಜನವರಿಯಲ್ಲಿ ರಾಜ್ಯದ ತಂಡಕ್ಕೆ ಆಯ್ಕೆ, ನಾಲ್ಕೇ ಜಾಗ. ಅಪ್ಪಾಜಿಗೆ ನಲವತ್ತೈದು ದಾಟಿ ಕಣ್ಣಿಗೆ ಚಾಳೀಸು ಬರುತ್ತಿತ್ತು. ಈ ಸಲ ತಪ್ಪಿದರೆ ಇನ್ನಿಲ್ಲ.

ಅವ್ವ ಕಾಫಿ ತಂದಿಟ್ಟಳು. ಸೇತುರಾಮ ಹೇಳುತ್ತಿದ್ದರು: "ನಿಮ್ಮ ಭಾಮೈದ ಜಯದೇವಪ್ಪನವರ ಕೈ ಬರೀ ಕೈಯಲ್ಲ, ಬಂಗಾರ ಗುರುಬಸಪ್ಪ! ಅವತ್ತು ಕೇಪು ಹಾರದೆ ಹೋದಾಗ ನಿಮ್ಮೆದುರೇ ಅವರನ್ನ ಬೈದುಬಿಟ್ಟೆ, ಕ್ಲಬ್ಬಿನ ಪುಸ್ತಕದಲ್ಲೂ ಬರೆದುಬಿಟ್ಟೆ. ಆಯ್ಕೆ ದಿನ ದಾವಣಗೆರೆಯಿಂದ ಕರೆಸಿಬಿಡಿ. ಹಿತ್ತಾಳೆ ಸರಿಮಾಡಿದವರು ಪುಸ್ತಕದಲ್ಲಿ ರುಜು ಹಾಕ್ಬೇಕು. ಇಲ್ದಿದ್ರೆ ಆ ತೋಟಾ ಒಳಗೆ ಬಿಡಲ್ಲ."

ಜಯದೇವಪ್ಪ! ನಮ್ಮ ಸೋದರಮಾವ! ಪಟಾಕಿ ಸದ್ದಿಗೇ ಕಿವಿ ಮುಚ್ಚಿಕೊಂಡು ಅಡುಗೆಮನೆ ಸೇರುವ ಮನುಷ್ಯ. ಹೆಂಡತಿ ಮಾಡುತ್ತಾಳೆಂದರೆ ಕ್ಲಬ್ಬಿನವರು ನಕ್ಕಾರೆಂದು ಅಪ್ಪಾಜಿ ವರ್ಷವಿಡೀ ಅವನ ಹೆಸರು ಹೇಳಿದ್ದರು.

ಸೇತುರಾಮ ಹೋದ ಮೇಲೆ ಅವ್ವ ಕೇಳಿದಳು, "ಹೊಗಳಿಕೆ ಹೋಗ್ಲಿ ರೀ, ಬೈಗುಳಾನೂ ಅವನಿಗೇ ಕೊಟ್ರಾ? ನಾನು ಮಾಡಿದ ತಪ್ಪೂ ನಂದಲ್ವಾ?"

"ಒಂದು ದಿನ ಜಯದೇವ ಬಂದು ರುಜು ಹಾಕಿ ಹೋದ್ರೆ ಮುಗೀತಲ್ಲೇ..."

ಅಷ್ಟು ಸಾಕಾಯಿತು. ಅವ್ವ ತಕ್ಕಡಿಯನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. "ಕರೆಸ್ರಿ. ಅವನ ಕೈಲೇ ಮಾಡಿಸ್ಕೊಳ್ರಿ." ನಾನೂ ಅಪ್ಪಾಜಿಯ ಜೊತೆ ಮಾತು ಬಿಟ್ಟೆ.

ಅಪ್ಪಾಜಿ ತಾವೇ ಮಾಡಲು ಕೂತರು. ತಟ್ಟೆಗೆ ನೀರು ಹಾಕುವುದನ್ನೇ ಮರೆತು ಹನ್ನೆರಡು ಕೊಳವೆಗಳನ್ನು ಬುಡದವರೆಗೂ ಕೆಂಪಗೆ ಕಾಯಿಸಿದರು. ಬುಡ ಮೆತ್ತಗಾದ ಅವನ್ನು ರೈಫಲ್ಲಿಗೆ ಹಾಕಿದ್ದರೆ ಕಣ್ಣೋ ಕೈಯೋ ಹೋಗುತ್ತಿತ್ತು. ಅವ್ವ ಸುಮ್ಮನಿರಲಿಲ್ಲ. ಬಂದು ಹನ್ನೆರಡನ್ನೂ ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ ಮತ್ತೆ ಒಳಗೆ ಹೋದಳು. ಅಪ್ಪಾಜಿ ಚಪ್ಪಟೆ ಹಿತ್ತಾಳೆಯನ್ನೆಲ್ಲ ಆಯ್ದು ಎತ್ತಿಟ್ಟರು. ಆಮೇಲೆ ಅಡುಗೆಮನೆ ಬಾಗಿಲಿಗೆ ಹೋದರು.

"ಉಮಾ, ಪುಸ್ತಕದಲ್ಲಿ ನಿನ್ನ ಹೆಸರೇ. ಬರ್ತೀಯಾ?"

"ಎಲ್ಲರೆದುರು ನೀವೇ ಹೇಳ್ತೀರಾ?"

"ಹೇಳ್ತೀನಿ."

ಟ್ರಂಕಿನ ಬೀಗ ತೆರೆಯಿತು.

ಆಯ್ಕೆಯ ದಿನ ಅವ್ವ ಮದುವೆಯ ಇಳಕಲ್ ಸೀರೆಯುಟ್ಟು ಹೊರಟಳು, ನಾನೂ ಹೋದೆ. ಮೇಜಿನ ಸುತ್ತ ಹತ್ತಾರು ಗಂಡಸರು. "ಎಲ್ರೀ ಭಾಮೈದ?" ಎಂದರು ಸೇತುರಾಮ.

ಅಪ್ಪಾಜಿ ಎರಡು ಸಲ ಕೆಮ್ಮಿದರು. "ಭಾಮೈದ ಅಲ್ಲ ಸಾರ್. ನಾನು ಸುಳ್ಳು ಹೇಳಿದ್ದೆ. ಮೊದಲಿಂದ ಮಾಡ್ತಿರೋದು ಇವಳು, ನನ್ನ ಹೆಂಡತಿ."

ಹಿಂದೆ ಯಾರೋ ಕಿಸಕ್ಕೆಂದರು. ನಾನು ತಿರುಗಿ ಗುರಾಯಿಸಿದೆ. ಅವ್ವ ಮಾತ್ರ ತಲೆಯೆತ್ತಿ ಪೆನ್ನು ತೆಗೆದುಕೊಂಡು, ನಿಧಾನವಾಗಿ ಪೂರ್ತಿ ಹೆಸರು ಬರೆದಳು. ಬರೆದು ಸುಮ್ಮನಾಗಲಿಲ್ಲ.

"ಸಾರ್, ಆಯುಧಪೂಜೆ ಆದ ಭಾನುವಾರದ ಹಾಳೆ ತೆಗೀರಿ."

ಸೇತುರಾಮ ತೆಗೆದರು. 'ಕೇಪು ಹಾರಲಿಲ್ಲ, ತಯಾರಿ ಜಯದೇವಪ್ಪ' ಎಂದಿತ್ತು. ಅವ್ವ ತಮ್ಮನ ಹೆಸರು ಹೊಡೆದು ಪಕ್ಕದಲ್ಲಿ ತನ್ನ ಹೆಸರು ಬರೆದಳು. "ಅದೂ ನಂದೇ. ವಿಭೂತಿ ಹಚ್ಚಿದ್ದೆ" ಎಂದಳು. ಈಗ ಯಾರೂ ನಗಲಿಲ್ಲ. ಸೇತುರಾಮ ಎದ್ದು ನಿಂತು ತಾವು ಕೂತಿದ್ದ ಕುರ್ಚಿಯನ್ನೇ ಅವಳಿಗೆ ಕೊಟ್ಟರು.

ಅಪ್ಪಾಜಿ ಹತ್ತು ಗುಂಡು ಹೊಡೆದರು. ಹತ್ತೂ ಹಾರಿದವು. ಗುರಿಯ ಕಾಗದ ತಂದಾಗ ನೋಡಿದರೆ, ಒಂಬತ್ತು ತೂತು ಅವ್ವನ ಅಂಗೈಯೊಳಗೆ ಮುಚ್ಚುವಂತಿದ್ದವು. ಹತ್ತನೆಯದು ಅಪ್ಪಾಜಿಯ ಕಣ್ಣಿನ ತಪ್ಪು, ಅವರೇ ಒಪ್ಪಿಕೊಂಡರು. ಮೂರನೆಯವರಾಗಿ ತಂಡಕ್ಕೆ ಸೇರಿದರು. ಫೋಟೋ ತೆಗೆದದ್ದು ಆಗಲೇ. ಫೋಟೋದವನು ಅವ್ವನನ್ನು ಅರ್ಧ ಬಿಟ್ಟ, ಅವನ ಕ್ಯಾಮೆರಾಕ್ಕೆ ಬೆಂಕಿ ಬೀಳಲಿ. ಪುಸ್ತಕದಲ್ಲಿ ಪೂರ್ತಿ ಇದ್ದಾಳೆ, ಎರಡು ಕಡೆ.

ಸೈಕಲ್ಲನ್ನು ತಳ್ಳಿಕೊಂಡು ಮೂವರೂ ನಡೆದು ಬರುವಾಗ ಬನಶಂಕರಿ ಗುಡಿಯ ಹತ್ತಿರ ಅವ್ವ ನಿಂತಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೇಳಿದಳು:

"ರೀ, ಜಯದೇವನಿಗೊಂದು ಕಾಗದ ಹಾಕ್ರಿ. ಪಾಪ, ಅವನ ಕೆಲಸ ಹೋಯ್ತು ಅಂತ."