ಕಾಕಾ ನೇಯ್ದ ಜಮಖಾನ

ಹೊಸ ಜಮಖಾನ ಬಿಚ್ಚಿದ ಕೂಡಲೇ ನೂಲಿನ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಮೊನ್ನೆ ನಮ್ಮೂರಿನ ಹಳೇ ಜೈಲಿನ ಮಾರಾಟ ಮಳಿಗೆಯಲ್ಲಿ ಕೊಂಡದ್ದು. ಆ ಗೋಡೆಗಳ ಒಳಗೆ ಕೈದಿಗಳು ಇವತ್ತಿಗೂ ಮಗ್ಗ ನಡೆಸುತ್ತಾರೆ, ಬ್ರೆಡ್ಡು ಮಾಡುತ್ತಾರೆ. ಬ್ರೆಡ್ಡು ತಿನ್ನಲು ಯಾರಿಗೂ ಮುಜುಗರವಿಲ್ಲ. ಮಾಡಿದವರು ಎದುರಿಗೆ ಬಂದರೆ ಮಾತ್ರ ಮುಖ ಹುಳ್ಳಗಾಗುತ್ತದೆ!

ನನ್ನ ತವರಿನ ಪಕ್ಕದ ಮನೆಯ ಕಾಕಾ ಅಲ್ಲಿಂದಲೇ ಬಿಡುಗಡೆಯಾಗಿ ಬಂದವರು. ಹೊಲದ ಬದುವಿನ ಜಗಳದಲ್ಲಿ ಅವರ ಕೈಯಿಂದ ಒಂದು ಜೀವ ಹೋಗಿತ್ತು. ಅದನ್ನೂ ಅವರು ಮುಚ್ಚಿಡುತ್ತಿರಲಿಲ್ಲ. "ಇಷ್ಟ ದಿನಾ ಮುಂಬೈದಾಗಿದ್ದೆ ಅಂತ ಹೇಳ್ರಿ" ಎಂದು ಓಣಿಯ ಹಿರಿಯರು ಬುದ್ಧಿ ಹೇಳಿದರೆ, "ನಾ ಮುಂಬೈ ನೋಡೇ ಇಲ್ಲಲ್ರಿ!" ಎಂದು ನಕ್ಕುಬಿಡುತ್ತಿದ್ದರು.

ಬರುವಾಗ ತಾವೇ ನೇಯ್ದ ಒಂದು ಜಮಖಾನವನ್ನು ಅದೇ ಮಳಿಗೆಯಲ್ಲಿ ದುಡ್ಡು ಕೊಟ್ಟು ಕೊಂಡು ತಂದಿದ್ದರು. ಕೆಂಪು, ನೀಲಿ ಪಟ್ಟೆಗಳದ್ದು... ನನ್ನನ್ನು ನೋಡಲು ವಿದ್ಯಾನಗರದಿಂದ ಗಂಡಿನವರು ಬಂದ ದಿನ ಅಪ್ಪ ಅದನ್ನೇ ಕೇಳಿ ತಂದು ಹಾಸಿದರು. ಗಂಡಿನ ತಾಯಿ ಅಂಚನ್ನು ಸವರಿ, "ನೇಯ್ಗಿ ಭಾಳ ಛಲೋ ಐತಿ. ಎಲ್ಲಿ ತಗೊಂಡ್ರಿ?" ಎಂದರು.

"ದುರ್ಗದಬೈಲ ಪ್ಯಾಟ್ಯಾಗ್ರಿ," ಎಂದರು ಅಪ್ಪ.

ಚಹಾ ಕೊಡಲು ನಿಂತಿದ್ದ ಕಾಕಾ ಸುಮ್ಮನಿರಬಾರದೇ!

"ಇಲ್ರಿ ಅಕ್ಕಾರ, ನಾ ನೇಯ್ದದ್ದು. ಜೈಲಿನ್ಯಾಗ."

ಚಹಾ ಅರ್ಧಕ್ಕೇ ಬಿಟ್ಟು ಅವರು ಎದ್ದರು. ಸಂಬಂಧ ಮುರಿಯಿತು. ಅಪ್ಪ ಕಾಕಾನ ಜೊತೆ ಮಾತು ಬಿಟ್ಟರು. ಮರುದಿನ ಕಾಕಾ ನಮ್ಮ ಬಾಗಿಲಿಗೆ ಬಂದು, "ನಿನಗ ನೋವಾತು, ಖರೇ ಐತವ್ವಾ. ಆದ್ರ ಅದು ನನ್ನ ಕೈಯಾಗಿನ ಕೆಲಸ. ಹ್ಯಾಂಗ ಬಿಟ್ಟುಕೊಡ್ಲಿ?" ಎಂದರು. ನಾನು ಅವರ ಮುಖಕ್ಕೇ ಬಾಗಿಲು ಹಾಕಿದೆ.

ಮುಂದೆ ಬೇರೆ ಕಡೆ ನನ್ನ ಮದುವೆಯಾಯಿತು. ತವರಿಗೆ ಹೋದಾಗ ಕಾಕಾ ಕಟ್ಟೆಯ ಮೇಲೆ ಕೂತಿದ್ದರೂ ಮುಖ ತಿರುಗಿಸಿ ದಾಟುತ್ತಿದ್ದೆ. ಎಂಥ ಸೊಕ್ಕು ನನ್ನದು! ಒಮ್ಮೆ ಹೋದಾಗ ಆ ಕಟ್ಟೆ ಖಾಲಿಯಿತ್ತು...

ನಾಳೆ ನನ್ನ ಮಗಳನ್ನು ನೋಡಲು ಬರುವವರಿದ್ದಾರೆ. ಈ ಹೊಸ ಜಮಖಾನ ಹಾಸುವಾಗ ನನ್ನ ಗಂಡ, "ಕೇಳಿದ್ರ ಅಂಗಡ್ಯಾಗಿಂದು ಅಂದುಬಿಡು," ಎಂದರು.

"ಅನ್ನೂದಿಲ್ರಿ. ಕೇಳದಿದ್ರೂ ಹೇಳ್ತೇನಿ."

ಮಗಳಿಗೆ ಎಲ್ಲ ಗೊತ್ತು. ಬಂದು ಇನ್ನೊಂದು ತುದಿ ಹಿಡಿದು ಎಳೆದಳು. ಕಾಕಾ ಇರುವಾಗ ಆಡಬೇಕಿದ್ದ ಮಾತು ಇದು, ತಡವಾಯಿತು. ಅವರ ಮುಖಕ್ಕೆ ಬಾಗಿಲು ಹಾಕಿದ ಕೈಯಿಂದಲೇ ಹಾಸಿದ್ದೇನೆ. ಕೂರುವವರು ಕೂರಲಿ, ಏಳುವವರು ಎದ್ದು ಹೋಗಲಿ.